ಮಗ್ಗದ ಕುಣಿಯಲ್ಲಿ ಕೂತು ಕೇಳಿದ ಪದ

ಸಂಗೀತ ಕೇಳಲು ಹೋದ ನನ್ನನ್ನು ಅವರು ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರಿಸಿದರು. ನೆಲದ ಅಂಚಿಗೆ ನಾನು, ಗುಂಡಿಯೊಳಗೆ ನನ್ನ ಕಾಲು, ತೊಡೆಯ ಮೇಲೆ ಅರ್ಧ ನೇಯ್ದ ಕೆಂಪು ಸೀರೆ, ಅದರಾಚೆ ಗೋಡೆಯ ತನಕ ಬಿಗಿದು ನಿಂತ ಎಳೆಗಳು. "ಎಳಿಗೆ ಕೈ ಹಚ್ಚಬ್ಯಾಡ್ರಿ, ಒರಗಬ್ಯಾಡ್ರಿ, ಅಷ್ಟ" ಎಂದು ಹೇಳಿ ಮನೆಯ ಯಜಮಾನರು ತಮ್ಮ ಪಾಡಿಗೆ ಇನ್ನೊಂದು ಗುಂಡಿಗೆ ಕಾಲು ಇಳಿಸಿದರು. ನಾಲ್ಕು ಮಗ್ಗ, ನಾಲ್ಕು ಗುಂಡಿ, ಒಂದೊಂದರಲ್ಲಿ ಇಬ್ಬಿಬ್ಬರು. ಜಾಗ ಸಿಗದವರು ಗೋಡೆಗೆ. ಮಟಮಟ ಮಧ್ಯಾಹ್ನ. ಎಣಿಸಿದರೆ ಹದಿನೈದು ಜನ ಇಲ್ಲ. ಮೈಕಿಲ್ಲ, ವೇದಿಕೆಯಿಲ್ಲ, ಹಾಡುವವರು ಯಾರು, ಕೇಳುವವರು ಯಾರು ಎಂಬುದೂ ಗೊತ್ತಾಗುವಂತಿರಲಿಲ್ಲ.

ನಾನು ಮಂಡ್ಯದ ಕಡೆ ಹದಿಮೂರು ವರ್ಷ ಆರ್ಕೆಸ್ಟ್ರಾದಲ್ಲಿ ಕೀಬೋರ್ಡು ನುಡಿಸಿದವನು. ಗಣೇಶನ ಹಬ್ಬ, ಮದುವೆ, ರಾಜ್ಯೋತ್ಸವ, ಎಲ್ಲಿ ಶಾಮಿಯಾನ ಹಾಕಿದರೋ ಅಲ್ಲಿ ನಾವು. ಎದುರಿಗೆ ಕೂತವರ ಮುಖ ನನಗೆ ಎಂದೂ ಕಂಡಿದ್ದಿಲ್ಲ, ಬಣ್ಣದ ದೀಪ ಕಣ್ಣಿಗೆ ಹೊಡೆಯುತ್ತಿತ್ತು. ಇಲ್ಲಿ ನೋಡಿದರೆ ಪಕ್ಕದವನ ಉಸಿರು ನನ್ನ ಕಿವಿಗೆ ತಾಗುತ್ತಿದೆ. ಇದು ಯಾವ ಬಗೆಯ ಕಚೇರಿಯಪ್ಪಾ ಎಂದು ತಲೆಬುಡ ತಿಳಿಯದೆ ಕೂತೆ.

ಗಜೇಂದ್ರಗಡಕ್ಕೆ ನಾನು ಬಂದದ್ದು ಹೆಂಡತಿಯ ಹಿಂದೆ. ಸುಜಾತಳಿಗೆ ರಾಜೂರಿನ ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರ ಕೆಲಸ ಸಿಕ್ಕಿತು. ಮೊಬೈಲು ಇನ್ನೂ ಎಲ್ಲರ ಜೇಬಿಗೆ ಬಂದಿಲ್ಲ; ಊರಿಗೆ ಮಾತಾಡಬೇಕೆಂದರೆ ಬಸ್‌ಸ್ಟ್ಯಾಂಡಿನ ಹತ್ತಿರದ ಬೂತಿಗೆ ಹೋಗಬೇಕು. ನಮ್ಮ ಕಡೆ ಗಂಡನಿಗೆ ವರ್ಗವಾದರೆ ಹೆಂಡತಿ ಟ್ರಂಕು ಹಿಡಿದು ಹಿಂದೆ ಹೋಗುತ್ತಾಳೆ, ಅದನ್ನು ಯಾರೂ ಮಾತಾಡುವುದಿಲ್ಲ. ನಾನು ಟ್ರಂಕು ಹಿಡಿದದ್ದಕ್ಕೆ ಮಂಡ್ಯದಲ್ಲಿ ಒಂದು ವಾರ ಮಾತಾಡಿಕೊಂಡರು. ಆರು ತಿಂಗಳು ನೋಡ್ತೀನಿ ಎಂದು ಹೇಳಿ ಬಂದಿದ್ದೆ. ನನ್ನ ಕೀಬೋರ್ಡನ್ನು ಬೇಕೆಂತಲೇ ಭಾವಮೈದನ ಮನೆಯಲ್ಲಿ ಬಿಟ್ಟಿದ್ದೆ. ಆರ್ಕೆಸ್ಟ್ರಾ ಅವನದೇ.

ಮನೆ ಹುಡುಕಿದ್ದು ಒಂದು ಪ್ರಸಂಗ. ಇಲ್ಲಿ ಮನೆಗಳ ನೆತ್ತಿ ಚಪ್ಪಟೆ, ಮೇಲೆ ಮಣ್ಣು. ಮಾಳಿಗೆ ಮನೆ ಎನ್ನುತ್ತಾರೆ. ಹೆಂಚು ನೋಡಿ ಬೆಳೆದ ನನಗೆ ಮೊದಲ ವಾರ ಪೂರ್ತಿ, ತಲೆಯ ಮೇಲೆ ಹೊಲವನ್ನೇ ಹೊತ್ತುಕೊಂಡು ಮಲಗಿದ ಹಾಗೆ. ಮನೆಯ ಯಜಮಾನರು ಇಮಾಮಸಾಬರು. ಅರವತ್ತರ ಹತ್ತಿರದ ನೇಕಾರರು, ಮಾತು ಕಮ್ಮಿ, ಕೇಳಿದ ಮಾತು ಮಾತ್ರ ನೇರ.

"ಅಕ್ಕೋರು ಸಾಲಿಗೆ ಹೋಗ್ತಾರ. ನೀವೇನ ಮಾಡ್ತೀರಿ?" ಎಂದು ಕೇಳಿದರು. ಇಲ್ಲಿ ಹೆಣ್ಣು ಮೇಷ್ಟ್ರನ್ನು ಅಕ್ಕೋರು ಎಂದು ಕರೆಯುತ್ತಾರೆ.

"ವಾದ್ಯ ನುಡಿಸ್ತೀನಿ."

"ಅದಾತ್ರಿ. ಕೆಲಸಾ?"

ಸುಜಾತ ಬಾಯಿಗೆ ಸೆರಗು ಅಡ್ಡ ಹಿಡಿದಳು. ನನಗೆ ಮೈಯೆಲ್ಲ ಉರಿದುಹೋಯಿತು. ಅಂದಿನಿಂದ ಓಣಿಯಲ್ಲಿ ನಾನು 'ಅಕ್ಕೋರ ಮನಿಯವ್ರು'. ನನಗೆ ಪುಟ್ಟರಾಜು ಎಂದು ಒಂದು ಹೆಸರಿದೆ ಎಂಬುದನ್ನು ಕಿರಾಣಿ ಅಂಗಡಿಯವನೂ ಕೇಳಲಿಲ್ಲ.

ಸುಜಾತ ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಯೇ ಬರುವುದು, ಮೀಟಿಂಗು ಎಂದು ರೋಣಕ್ಕೆ ಹೋದ ದಿನ ಇನ್ನೂ ತಡ. ನಾನು ಅನ್ನ ಮಾಡಿ, ಬಟ್ಟೆ ಒಗೆದು, ಗೋಡೆ ನೋಡುತ್ತಾ ಕೂರುತ್ತಿದ್ದೆ. ನಲ್ಲಿಯಲ್ಲಿ ಎಂಟು ದಿನಕ್ಕೊಮ್ಮೆ ನೀರು. ನಾಲೆಯ ನೀರಲ್ಲಿ ಎಮ್ಮೆ ಜೊತೆ ಬಿದ್ದುಕೊಂಡು ಬೆಳೆದವನು ನಾನು. ನೀರನ್ನು ಮುಚ್ಚಿಡುವುದು ಎಂದರೇನೆಂದೇ ಗೊತ್ತಿರಲಿಲ್ಲ. ಮೊದಲ ಸಲ ನೀರು ಬಂದಾಗ ಎರಡು ಬಕೆಟು ತುಂಬಿಸಿ ನಲ್ಲಿ ಬಂದ್ ಮಾಡಿದೆ. ಪಕ್ಕದ ಮನೆಯ ಹೆಂಗಸು ಅಯ್ಯೋ ಪಾಪ ಎಂದು ತನ್ನದೇ ಕೊಡ ತಂದು ನಮಗೆ ತುಂಬಿಸಿಟ್ಟಳು. ಊಟವೂ ಹಾಗೆಯೇ. ಮುದ್ದೆಯನ್ನು ನುಂಗಿ ಬೆಳೆದ ಗಂಟಲಿಗೆ ಜೋಳದ ಖಡಕ್ ರೊಟ್ಟಿ ಎಂದರೆ ಹಲಗೆ ಅಗಿದಂತೆ. ಒಂದು ತಿಂಗಳಾದ ಮೇಲೆ, ಶೇಂಗಾ ಚಟ್ನಿ, ಮೊಸರು ಹಾಕಿಕೊಂಡು ಐದು ರೊಟ್ಟಿ ತಿಂದ ದಿನ ಸುಜಾತ ಎದ್ದು ನಿಂತು ಚಪ್ಪಾಳೆ ಹೊಡೆದಳು. ಇಲ್ಲಿ ಬಂದು ನಾನು ಗೆದ್ದ ಮೊದಲ ಪಂದ್ಯ ಅದು. ಅದಾದ ಮೇಲೆ ಬಹಳ ದಿನ ಇನ್ನೊಂದು ಗೆಲ್ಲಲಿಲ್ಲ.

ಇಮಾಮಸಾಬರ ಮಗ್ಗದ ಮನೆ ನಮ್ಮ ಗೋಡೆಗೆ ಅಂಟಿಕೊಂಡೇ ಇತ್ತು. ದಿನವಿಡೀ ಅಲ್ಲಿಂದ ಟಕಟಕ ಸದ್ದು. ಬಾಡಿಗೆ ವಿಷಯ ಮಾತಾಡಲು ಒಮ್ಮೆ ಒಳಗೆ ಹೋದಾಗ ಗೂಡಿನಲ್ಲಿ ಹಸಿರು ಬಟ್ಟೆ ಮುಚ್ಚಿದ ಪೆಟ್ಟಿಗೆ ಕಂಡಿತು. ಆಕಾರ ನೋಡಿದರೆ ಸಾಕು, ನನಗೆ ಗೊತ್ತಾಗುತ್ತದೆ. ಹಾರ್ಮೋನಿಯಂ. ಇಲ್ಲಿಯವರು ಅದನ್ನು ಪೇಟಿ ಎನ್ನುತ್ತಾರೆ. ನನ್ನ ಬೆರಳು ತಾನಾಗಿ ಆ ಕಡೆ ಹೋಯಿತು.

"ಮುಟ್ಟಬ್ಯಾಡ್ರಿ," ಎಂದರು ಇಮಾಮಸಾಬರು. "ಅದನ್ನ ಬಾರಸಾಂವ ಗೌಂಡಿ ಕೆಲಸಕ್ಕ ಗೋವಾಕ್ಕ ಹೋಗ್ಯಾನ. ಮುಂದ ಬಾರಸಾಂವ ಯಾರಂತ ಇನ್ನ ಗೊತ್ತಿಲ್ಲ."

"ನಾನು ನುಡಿಸ್ತೀನಿ."

"ಬಾರಸ್ತೀರಿ, ಗೊತ್ತೈತಿ. ಆದ್ರ ನಮ್ಮಲ್ಲಿ ಒಂದು ಪದಾ ಬಿಡಿಸಿದವ್ರ ಪೇಟಿ ಮುಟ್ಟೂದು. ಅಮಾಸಿ ದಿನ ಮಧ್ಯಾನ್ಹ ಬರ್ರಿ, ತಿಳೀತೈತಿ."

ಅಮಾವಾಸ್ಯೆಯ ದಿನ ಇಲ್ಲಿ ನೇಕಾರರು ಮಗ್ಗ ಮುಟ್ಟುವುದಿಲ್ಲ. ಆ ದಿನ ಮಧ್ಯಾಹ್ನ ಮಗ್ಗದ ಮನೆಯಲ್ಲೇ ಕೂತು ಪದ ಹಾಡುತ್ತಾರೆ. ನಾನು ಹೋದದ್ದು ನಾಗರ ಅಮಾವಾಸ್ಯೆಗೆ. ಹೋಗುವ ಹಿಂದಿನ ದಿನವಷ್ಟೇ ಭಾವಮೈದ ಬೂತಿಗೆ ಫೋನ್ ಮಾಡಿ ನನ್ನನ್ನು ಕರೆಸಿ, "ಗಣೇಶನ ಸೀಸನ್‌ಗೆ ಬಂದ್ಬುಡು ಕಣೋ. ಬರ್ನಿಲ್ಲ ಅಂದ್ರೆ ಬೇರೆಯವನ್ನ ಖಾಯಂ ಮಾಡ್ಕತೀನಿ. ಅಲ್ಲಿ ಯಾರಿಗೆ ಬೇಕು ನಿನ್ನ ವಾದ್ಯ" ಎಂದಿದ್ದ. ಅವನ ಮಾತು ಸುಳ್ಳಲ್ಲ ಎಂಬುದೇ ನನ್ನ ಹೊಟ್ಟೆಯುರಿ. ಸುಜಾತಳಿಗೆ ಹೇಳಿದೆ: ಆ ಪೇಟಿ ನನ್ನ ಕೈಗೆ ಬಂದರೆ ಇಲ್ಲಿರುತ್ತೇನೆ, ಬರದಿದ್ದರೆ ಗಣೇಶನ ಹಬ್ಬಕ್ಕೆ ಹೋದವನು ಹೋದಂತೆ, ನೀನು ವರ್ಗ ಮಾಡಿಸಿಕೊಂಡು ಬರುವ ತನಕ ಅಲ್ಲೇ. ಅವಳು ಮಕ್ಕಳ ನೋಟ್‌ಬುಕ್ಕು ತಿದ್ದುತ್ತಲೇ ಇದ್ದಳು. ವರ್ಗ ಎಂಬುದು ಎಷ್ಟು ವರ್ಷದ ಮಾತು ಎಂದು ಇಬ್ಬರಿಗೂ ಗೊತ್ತಿತ್ತು.

ಹೀಗೆ ಆ ಗುಂಡಿಯಲ್ಲಿ ಕೂತೆ. ಗುಂಡಿಗೆ ಕುಣಿ ಎನ್ನುತ್ತಾರೆ. ನೇಯುವಾಗ ಕಾಲಿನಿಂದ ತುಳಿಯುವ ಹಲಗೆಗಳು ಅದರೊಳಗೆ ಇರುತ್ತವೆ. ಸೂಡಿಯಿಂದ ಬಂದ ಮಲ್ಲಪ್ಪ ಎಂಬ ಹೊಲದ ಆಳು ಏಕತಾರಿ ಹಿಡಿದು ಶುರು ಮಾಡಿದ. ಮುಖ ಬಿಸಿಲಿಗೆ ಸುಟ್ಟು ಕಪ್ಪಾಗಿತ್ತು, ದನಿ ಮಾತ್ರ ಎಳೆಯದು. ಒಬ್ಬ ತಾಳ ಹಿಡಿದ, ಇನ್ನೊಬ್ಬ ದಮ್ಮಡಿ ಎಂಬ ಅಂಗೈಯಗಲದ ಚರ್ಮವಾದ್ಯ ತೆಗೆದ. ಗೋಡೆ, ಎಳೆ, ಮಣ್ಣಿನ ಮಾಳಿಗೆ ಎಲ್ಲ ಸೇರಿ ದನಿಯನ್ನು ಹೀರಿ ಮೆತ್ತಗೆ ಮಾಡಿ ವಾಪಸ್ಸು ಕೊಡುತ್ತಿದ್ದವು. ಅಷ್ಟು ಹತ್ತಿರದಲ್ಲಿ ಒಬ್ಬ ಮನುಷ್ಯ ಹಾಡುವುದನ್ನು ನಾನು ಕೇಳಿರಲೇ ಇಲ್ಲ. ಅವನ ಗಂಟಲಿನ ನರ ಕಾಣುತ್ತಿತ್ತು, ಸ್ವರ ಹತ್ತುವ ಮುಂಚೆ ಅವನು ಹೆದರುವುದೂ ಕಾಣುತ್ತಿತ್ತು. ನನಗೆ ಭಾರೀ ಸುಖವಾಯಿತು. ಹದಿಮೂರು ವರ್ಷ ನಾನು ನುಡಿಸಿದ್ದೇ ಹೊರತು ಕೇಳಿದ್ದಿಲ್ಲ ಎಂದು ಅನ್ನಿಸಿತು.

ಸುಖವಾದರೆ ನನ್ನ ಕಾಲು ಸುಮ್ಮನಿರುವುದಿಲ್ಲ, ತಾಳ ಹಾಕುತ್ತದೆ. ಹಾಕಿತು. ಕುಣಿಯೊಳಗಿನ ಹಲಗೆ ಕೆಳಗೆ ಹೋಗಿ, ನನ್ನೆದುರಿನ ಎಳೆಗಳೆಲ್ಲ ಒಮ್ಮೆಲೇ ಬಾಯಿ ತೆರೆದು, ಮಗ್ಗ ಖಟ್ ಎಂದಿತು. ಎಲ್ಲರೂ ತಿರುಗಿ ನೋಡಿದರು. ಅಮಾವಾಸ್ಯೆಯ ದಿನ ಮಗ್ಗ ತುಳಿದ ಪಾಪಿ ನಾನೊಬ್ಬನೇ ಇರಬೇಕು. ಕಾಲನ್ನು ಬಿಗಿ ಹಿಡಿದೆ. ಕಾಲು ನಿಂತರೆ ತಾಳ ಎಲ್ಲಿಗೆ ಹೋಗಬೇಕು? ತಲೆಗೆ ಏರಿತು. ಮುಂದಿನ ಪದ ಶುರುವಾದಾಗ ತಲೆದೂಗುತ್ತಾ ಕೂತೆ, ಆರ್ಕೆಸ್ಟ್ರಾದಲ್ಲಿ ಗಾಯಕನಿಗೆ ಲಯ ತೋರಿಸುವ ಹಾಗೆ.

ಅದು ಕೊನೆಯ ಪದ. ಹಾಡಿದವರು ಇಮಾಮಸಾಬರು.

ನೂಲಿಲ್ಲದ ಮಗ್ಗದಾಗ ಸೀರಿ ನೇದೇನ,
ಉಡುವಾಕಿ ಊರಾಗಿಲ್ಲ.
ಮಡಚಿ ಗೂಟಕ್ಕ ಹಾಕೇನ,
ಗಾಳಿ ಸೈತ ಮುಟ್ಟಿಲ್ಲ.

ಮೊದಲ ನುಡಿ ಮುಗಿಯುತ್ತಲೇ ಅವರು ನಿಲ್ಲಿಸಿ ನನ್ನ ಕಡೆ ನೋಡಿದರು. "ಹೊಸಬರು ತಲಿ ಆಡಿಸ್ಯಾರ. ತಿಳದೈತಿ. ಬಿಡಿಸಿ ಹೇಳ್ರಿ."

ನನಗೆ ಒಂದೂ ಗೊತ್ತಾಗಲಿಲ್ಲ. ಪಕ್ಕದಲ್ಲಿದ್ದ ಮಲ್ಲಪ್ಪ ಕಿವಿಯಲ್ಲಿ ವಿವರಿಸಿದ. ಈ ಮನೆಯಲ್ಲಿ ಲಯ ಹಿಡಿಸಿದರೆ ತೊಡೆ ತಟ್ಟಬೇಕು. ತಲೆಯಾಡಿಸಿದರೆ ಪದದ ಅರ್ಥ ತಿಳಿಯಿತು ಎಂದು. ತಿಳಿದವರು ಎಲ್ಲರೆದುರು ಬಿಡಿಸಿ ಹೇಳಬೇಕು. "ಇಲ್ಲಾ ತಿಳೀಲಿಲ್ಲ ಅಂದ್ಬಿಡ್ರಿ, ತೀರ್ತು. ಆವಾಗ ಪದದ ಮಾಲಕರು ನಿಮಗ ಹೇಳ್ತಾರ" ಎಂದ.

ತಿಳಿಯಲಿಲ್ಲ ಎನ್ನುವುದು ಎಷ್ಟು ಹೊತ್ತಿನ ಮಾತು? ಆದರೆ ಅಷ್ಟು ಜನರ ಮುಂದೆ, ಗೂಡಿನಲ್ಲಿ ಪೇಟಿ ಕೂತು ನೋಡುತ್ತಿರುವಾಗ, ನನ್ನ ಬಾಯಿ ಅದನ್ನು ಹೇಳಲಿಲ್ಲ. "ಇದು ಒಬ್ಬ ಪ್ರೇಮಿ, ಅಂದರೆ, ದೂರ ಇರುವ ಹುಡುಗಿಗೆ..." ಎಂದು ಏನೋ ಒದರಿದೆ. ಯಾರೋ ಗೋಡೆಯ ಹತ್ತಿರ ಕೆಮ್ಮಿದರು. ನಗಲಿಲ್ಲ, ಅದಕ್ಕೇ ಇನ್ನಷ್ಟು ನಾಚಿಕೆಯಾಯಿತು. "ಮುಂದಿನ ಸಲ ಸರಿಯಾಗಿ ಹೇಳ್ತೀನಿ" ಎಂದೆ.

"ಆತ್ರಿ," ಎಂದರು ಇಮಾಮಸಾಬರು. "ಹಂಗಾದ್ರ ಈ ಪದಾ ನಿಮ್ಮ ಕಡೆ ಐತಿ. ನೀವು ಹೇಳೂ ತನಕ ನಾವು ಮುಂದಿನ ನುಡಿ ಹಾಡಂಗಿಲ್ಲ."

ಉಳಿದ ನುಡಿಗಳನ್ನು ಹಾಡದೆ ಎಲ್ಲರೂ ಎದ್ದರು. ಆಗ ನಾನು ನೋಡಿದ್ದು, ಬಾಗಿಲ ಪಕ್ಕ ಕೂತಿದ್ದ ಮುದುಕಿಯನ್ನು. ಇಮಾಮಸಾಬರ ಅತ್ತಿಗೆ, ಖಾತೂನಬಿ. ಆ ಪದ ಕಟ್ಟಿದವರು ಅವಳ ಗಂಡ ದಾವಲಸಾಬರು. ಸತ್ತು ಮೂರು ವರ್ಷ. ಅವರಾದ ಮೇಲೆ ಪದದ ಮಾಲಕಿ ಅವಳೇ. ಪ್ರತಿ ಅಮಾವಾಸ್ಯೆಗೆ ಕೊನೆಯಲ್ಲಿ ಅದನ್ನೇ ಹಾಡುತ್ತಾರೆ, ಅದನ್ನು ಕೇಳಲೆಂದೇ ಅವಳು ಬಂದು ಕೂರುತ್ತಾಳೆ ಎಂಬುದೆಲ್ಲ ಹೊರಗೆ ಬಂದ ಮೇಲೆ ಗೊತ್ತಾಯಿತು. ಅವಳು ನನ್ನನ್ನು ಬೈಯಲಿಲ್ಲ. ಚಾಪೆ ಸುತ್ತಿ ಒಳಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಆ ತಿಂಗಳು ನನಗೆ ಬೇರೆ ಕೆಲಸವಿರಲಿಲ್ಲ. ಕಂಡವರನ್ನೆಲ್ಲ ಕೇಳಿದೆ. ಮಗ್ಗದ ಮನೆಯವರು ಹೇಳುವಂತಿಲ್ಲ, ಅದು ಕಟ್ಟಳೆ. ಸುಜಾತಳ ಶಾಲೆಯ ಹೆಡ್ ಮಾಸ್ತರರು ಮಾತ್ರ ಚಿಟಿಕೆ ಹೊಡೆದಂತೆ ಹೇಳಿಬಿಟ್ಟರು. "ಭಾಳ ಸರಳ ಐತ್ರಿ. ನೂಲಿಲ್ಲದ ಮಗ್ಗ ಅಂದ್ರ ಬಯಲು. ಸೀರಿ ಅಂದ್ರ ದೇಹ. ಉಡುವಾಕಿ ಅಂದ್ರ ಜೀವ. ಎಲ್ಲಾ ತತ್ವಪದಕ್ಕೂ ಇದ ಅರ್ಥ, ಯಾವುದನ್ನ ಕೇಳ್ರಿ."

"ಗಾಳಿ ಮುಟ್ಟಿಲ್ಲ ಅಂದ್ರೆ?"

ಅವರು ಕೈ ಬೀಸಿದರು. "ಅದು ಪ್ರಾಸಕ್ಕ ಹಾಕಿರ್ತಾರ, ಬಿಡ್ರಿ."

ಬರೆದುಕೊಂಡು ಬಂದೆ. ಹೇಳಿದರೆ ಒಪ್ಪುತ್ತಾರೆ ಎಂಬುದರಲ್ಲಿ ಅನುಮಾನವಿರಲಿಲ್ಲ; ಇದೇ ಅರ್ಥವನ್ನು ಹಿಂದೆ ಎಷ್ಟೋ ಜನ ಆ ಮನೆಯಲ್ಲೇ ಹೇಳಿ ಪಾಸಾಗಿದ್ದಾರೆ ಎಂದೂ ಹೆಡ್ ಮಾಸ್ತರರು ಹೇಳಿದ್ದರು. ಪೇಟಿ ಕೈಗೆ ಬಂದ ಹಾಗೆಯೇ. ಆದರೂ ರೊಟ್ಟಿ ತಿನ್ನುವಾಗ, ಕೊಡ ತುಂಬಿಸುವಾಗ ಆ ಕೊನೆಯ ಸಾಲು ಹಲ್ಲಿನ ಸಂದಿಗೆ ಸಿಕ್ಕಿದ ನಾರಿನಂತೆ ಕಾಡುತ್ತಿತ್ತು. ದೇಹ ಎಂದಮೇಲೆ ಗಾಳಿ ಮುಟ್ಟದೆ ಇರುತ್ತದೆಯೇ? ಉಸಿರಿಲ್ಲದ ದೇಹಕ್ಕೆ ಹೆಣ ಎನ್ನುತ್ತಾರೆ. ಹೆಣಕ್ಕೂ ಒಮ್ಮೆ ಗಾಳಿ ತಾಗಿರುತ್ತದೆ. ಇದು ಎಂದೂ ತಾಗದ್ದು. ಏನದು?

ಸುಜಾತಳಿಗೆ ಹೇಳಿದೆ. "ಹೆಡ್ ಮಾಸ್ಟರ್ ಹೇಳಿದ್ದು ನಿಮಗೆ ಒಪ್ಪಿಗೆ ಆಯ್ತಾ?" ಎಂದಳು.

"ಆಗ್ಲಿಲ್ಲ. ಆದ್ರೆ ಅವ್ರಿಗೆ ಒಪ್ಪಿಗೆ ಆಗುತ್ತೆ."

"ಹಂಗಾದ್ರೆ ನಿಮಗೆ ಬೇಕಾಗಿರೋದು ಪೇಟಿ, ಪದ ಅಲ್ಲ," ಎಂದಳು. ಅವಳು ಶಾಲೆಯಲ್ಲಿ ಮಕ್ಕಳಿಗೂ ಹೀಗೇ ಹೇಳುತ್ತಾಳೆಯೋ ಏನೋ. ನನಗೆ ಸಿಟ್ಟು ಬಂತು. ಹೌದು, ಪೇಟಿಯೇ ಬೇಕು, ನಿನಗೆ ಹಾಜರಿ ಪುಸ್ತಕ ಇದೆ, ನನಗೇನಿದೆ ಈ ಊರಲ್ಲಿ ಎಂದು ಕೂಗಾಡಿದೆ. ಗೋಡೆಯಾಚೆ ಮಗ್ಗದ ಸದ್ದು ಕ್ಷಣ ನಿಂತು ಮತ್ತೆ ಶುರುವಾಯಿತು.

ಮುಂದಿನದು ಬೆನಕನ ಅಮಾವಾಸ್ಯೆ. ಅದಾದ ನಾಲ್ಕು ದಿನಕ್ಕೆ ಗಣೇಶನ ಹಬ್ಬ. ಬಟ್ಟೆಯ ಬ್ಯಾಗು ತುಂಬಿಟ್ಟಿದ್ದೆ. ಮರುದಿನ ಬೆಳಿಗ್ಗೆ ಮಂಡ್ಯಕ್ಕೆ ಹೊರಡುವುದೋ, ಬ್ಯಾಗು ಬಿಚ್ಚುವುದೋ, ಆ ಮಧ್ಯಾಹ್ನ ತೀರ್ಮಾನವಾಗಬೇಕಿತ್ತು.

ಅದೇ ಕುಣಿಯಲ್ಲಿ ಕೂರಿಸಿದರು. ಸೀರೆ ಆಗಲೇ ಬೇರೆಯದು, ಈ ಸಲ ಹಸಿರು. ಮಲ್ಲಪ್ಪ ಎರಡು ಪದ ಹಾಡಿದ. ನರಗುಂದದ ಕಡೆಯಿಂದ ಬಂದಿದ್ದ ಒಬ್ಬರು ಇನ್ನೊಂದು ಹಾಡಿದರು. ನಾನು ತಲೆಯನ್ನು ಕಂಬದಂತೆ ನಿಲ್ಲಿಸಿ, ತೊಡೆ ತಟ್ಟುತ್ತಾ ಕೇಳಿದೆ. ತಟ್ಟಿದ ಪ್ರತಿ ಸಲವೂ ಪಕ್ಕದವರು ನೋಡಿ ಚಲೋ ಎಂಬಂತೆ ಕಣ್ಣು ಮಿಟುಕಿಸಿದರು. ಕೊನೆಗೆ ಇಮಾಮಸಾಬರು ಆ ಒಂದು ನುಡಿ ಮಾತ್ರ ಹಾಡಿ ನಿಲ್ಲಿಸಿದರು.

"ಈಗ ಹೇಳ್ರಿ."

ಚೀಟಿ ಜೇಬಿನಲ್ಲಿತ್ತು, ಬಾಯಿಪಾಠವೂ ಆಗಿತ್ತು. "ನೂಲಿಲ್ಲದ ಮಗ್ಗ ಅಂದ್ರೆ ಬಯಲು" ಎಂದು ಶುರು ಮಾಡಿದೆ. ಎರಡು ಮೂರು ಜನ ಹೌದೆನ್ನುವಂತೆ ಹೂಂಗುಟ್ಟಿದರು. "ಸೀರೆ ಅಂದ್ರೆ ದೇಹ." ಇಮಾಮಸಾಬರ ಕೈ ಆಗಲೇ ಗೂಡಿನ ಕಡೆ ಹೋಗಿತ್ತು. ಬಾಗಿಲ ಹತ್ತಿರ ಖಾತೂನಬಿ ತಲೆ ತಗ್ಗಿಸಿ ಕೂತಿದ್ದಳು. ಈ ಮಾತನ್ನು ನೂರು ಸಲ ಕೇಳಿ ಸುಸ್ತಾದವರ ಹಾಗೆ, ಬೆರಳಿನಿಂದ ಚಾಪೆಯ ಕಡ್ಡಿ ಕೀಳುತ್ತಿದ್ದಳು. ನನ್ನ ಮಾತು ಅವಳಿಗೆ ಬೇಕೇ ಇಲ್ಲ ಎಂದು ಕಂಡಿತು. ಅವಳ ಪದ, ಅವಳ ಗಂಡನ ಪದ, ನಾನು ಅವಳಿಗೇ ಅರ್ಥ ಹೇಳುತ್ತಿದ್ದೇನೆ. ಅದೂ ಬೇರೆಯವರ ಚೀಟಿಯಿಂದ, ನನಗೇ ನಂಬಿಕೆಯಿಲ್ಲದ ಅರ್ಥ. ಉಡುವಾಕಿ ಎಂಬಲ್ಲಿಗೆ ಬಂದು ನಾಲಿಗೆ ನಿಂತುಹೋಯಿತು.

"ಮುಂದ?" ಎಂದರು ಇಮಾಮಸಾಬರು.

"ಗಾಳಿ ಮುಟ್ಟಿಲ್ಲ ಅನ್ನೋದು ನನಗೆ ತಿಳೀಲಿಲ್ಲ," ಎಂದೆ. "ಅದು ತಿಳಿಯದೆ ಉಳಿದದ್ದೂ ತಿಳಿದಂಗಲ್ಲ. ಈ ಪದ ನನಗೆ ತಿಳೀಲಿಲ್ಲ."

ಇಮಾಮಸಾಬರು ಕೈಯನ್ನು ಗೂಡಿನಿಂದ ಹಿಂದಕ್ಕೆ ತೆಗೆದರು. ಪೇಟಿ ಹೋಯಿತು. ಬ್ಯಾಗು ಬಿಚ್ಚುವ ಮಾತಿಲ್ಲ ಎಂದುಕೊಂಡೆ. ಆಮೇಲೆ ಕಂಡದ್ದು ಏನೆಂದರೆ, ಯಾರೂ ನನ್ನನ್ನು ನೋಡುತ್ತಿಲ್ಲ. ಎಲ್ಲರೂ ಬಾಗಿಲ ಕಡೆ ತಿರುಗಿದ್ದರು. ಏಕೆಂದರೆ ಕಟ್ಟಳೆಯ ಪ್ರಕಾರ, ತಿಳಿಯಲಿಲ್ಲ ಎಂದವರಿಗೆ ಪದದ ಮಾಲಕರು ಹೇಳಲೇಬೇಕು.

ಖಾತೂನಬಿ ಸೆರಗು ಸರಿ ಮಾಡಿಕೊಂಡಳು. ದನಿ ಸಣ್ಣದು, ಆದರೆ ಆ ಮನೆಯಲ್ಲಿ ಸಣ್ಣ ದನಿಯೂ ಕೇಳುತ್ತದೆ.

"ನಮಗ ಒಂದು ಹೆಣ್ಣಗೂಸು ಆಗಿತ್ತಪಾ. ಮೊದಲನೇದು. ಉಸರ ತಗೊಳ್ಳಲೇ ಇಲ್ಲ. ಸೂಲಗಿತ್ತಿ ಬೆನ್ನ ಬಡದ್ಲು, ಕಿವಿಯಾಗ ಊದಿದ್ಲು, ಗಾಳಿ ಒಳಗ ಹೋಗಲಿಲ್ಲ. ಹೆಣ್ಣಂತ ಗೊತ್ತಿಲ್ಲದನ ಅವ್ರು ಮೊದಲ ಸೀರಿ ನೇದಿಟ್ಟಿದ್ರು. ಗೇಣಗಲದ್ದು. ಮಗ್ಗಕ್ಕ ನೂಲ ಇರಲಿಲ್ಲ ಆವಾಗ, ಬ್ಯಾರೇ ಸೀರಿ ಮುಗದ ಮ್ಯಾಲ ಉಳದ ತುದಿ ಎಳಿ ಗಂಟ ಹಾಕಿ ಹಾಕಿ ನೇದಿದ್ರು. ಕೂಸಿಗೆ ಉಡಸಬೇಕಂದ್ರ ಮಣ್ಣಿಗೆ ಒಯ್ಯಾವ್ರು ಬ್ಯಾಡಂದ್ರು. ಮಡಚಿ ಇಟ್ರು. ಒಳಗ ಗೂಟಕ್ಕ ಐತಿ."

ಇಮಾಮಸಾಬರ ಮುಖ ನೋಡಲಾಗಲಿಲ್ಲ. ಅಣ್ಣನ ಪದವನ್ನು ಮೂರು ವರ್ಷ, ಅದಕ್ಕೂ ಮೊದಲು ಅಣ್ಣನ ಜೊತೆ ಎಷ್ಟು ವರ್ಷವೋ, ಹಾಡಿದವರು ಅವರು.

"ನಾ ಆವಾಗ ಸೊಲ್ಲಾಪುರದಾಗ ಇದ್ದೆ," ಎಂದರು. "ಗೂಟದ ಮ್ಯಾಲಿನ ಗಂಟು ಅಣ್ಣನ ಹಳೇ ರುಮಾಲ ಅನ್ಕೊಂಡಿದ್ದೆ. ಇಷ್ಟ ವರ್ಷ ಯಾಕ ಹೇಳಲಿಲ್ಲ ವೈನಿ?"

"ಯಾರೂ ತಿಳೀಲಿಲ್ಲ ಅನ್ನಲಿಲ್ಲಲ್ಲ," ಎಂದಳು. "ಎಲ್ಲಾರಿಗೂ ತಿಳದ ಇತ್ತು."

ಆಮೇಲೆ ಅವರು ಆ ಪದವನ್ನು ಪೂರ್ತಿ ಹಾಡಿದರು. ನಾಲ್ಕು ನುಡಿ. ಇಮಾಮಸಾಬರ ದನಿ ಎರಡನೆಯ ನುಡಿಯಲ್ಲಿ ಒಡೆಯಿತು, ಮಲ್ಲಪ್ಪ ಎತ್ತಿಕೊಂಡ, ಅವನದೂ ನಿಂತಾಗ ಗೋಡೆಯ ಕಡೆಯವರು ಹಿಡಿದರು. ಯಾರೂ ತೊಡೆ ತಟ್ಟಲಿಲ್ಲ. ಅಷ್ಟು ಒಳ್ಳೆಯ ಹಾಡನ್ನು ನಾನು ಎಲ್ಲೂ ಕೇಳಿಲ್ಲ. ವಾದ್ಯದ ನೆನಪೇ ಬರಲಿಲ್ಲ, ಬಂದದ್ದು ಮನೆ ಮುಟ್ಟಿದ ಮೇಲೆ.

ಹೇಳಿದ ಮಾತಿನಂತೆ ಮರುದಿನ ಬೆಳಿಗ್ಗೆ ಬಸ್ಸು ಹತ್ತಿದೆ. ಸುಜಾತ ತಡೆಯಲಿಲ್ಲ, ಬುತ್ತಿ ಕಟ್ಟಿಕೊಟ್ಟಳು, ಐದು ರೊಟ್ಟಿ. ಮಂಡ್ಯದಲ್ಲಿ ಆ ಸೀಸನ್ ಪೂರ್ತಿ ನುಡಿಸಿದೆ. ಅಲ್ಲಿಯವರು "ಹೆಂಗದೆ ಆ ಕಡೆ?" ಎಂದು ಕೇಳುತ್ತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ, "ಬಿಸಿಲು, ರೊಟ್ಟಿ, ನೀರಿಲ್ಲ, ಅಷ್ಟೇ ತಾನೆ" ಎಂದು ತಾವೇ ಮುಗಿಸುತ್ತಿದ್ದರು. ನನ್ನ ಅಕ್ಕನಿಗೆ ಆ ಪದದ ಕಥೆ ಹೇಳಲು ಹೊರಟರೆ ಅವಳು ಸೂಡಿ ಎಂಬ ಊರಿನ ಹೆಸರು ಕೇಳಿಯೇ ನಕ್ಕಳು. ಸೀಸನ್ ಮುಗಿದ ಮಾರನೆಯ ದಿನ ವಾಪಸ್ಸು ಬಂದೆ. ಭಾವಮೈದ ಖಾಯಂ ಮಾಡುತ್ತೇನೆಂದ, ಬೇಡವೆಂದೆ. ಬೇಡ ಎಂದದ್ದು ಏಕೆ ಎಂದು ಬಸ್ಸಿನಲ್ಲಿ ಗದಗ ದಾಟುವ ತನಕವೂ ನನಗೇ ಸರಿಯಾಗಿ ಹೊಳೆದಿರಲಿಲ್ಲ.

ಈಗ ಎರಡು ವರ್ಷ. ಹಬ್ಬದ ಕಾಲಕ್ಕೆ ಎರಡು ತಿಂಗಳು ಮಂಡ್ಯ, ಉಳಿದ ಕಾಲ ಗಜೇಂದ್ರಗಡ. ಪೇಟಿ ಇನ್ನೂ ಸಿಕ್ಕಿಲ್ಲ. ಕಟ್ಟಳೆ ಎಂದರೆ ಕಟ್ಟಳೆ ಎನ್ನುತ್ತಾರೆ ಇಮಾಮಸಾಬರು. ಪ್ರತಿ ಅಮಾವಾಸ್ಯೆಗೂ ಯಾವುದೋ ಒಂದು ಪದ ಬಿಡಿಸಿಬಿಡಬೇಕೆಂದು ಹೋಗುತ್ತೇನೆ, ಕೇಳುತ್ತಾ ಕೇಳುತ್ತಾ ತಿಳಿದದ್ದೂ ತಿಳಿಯದಂತಾಗಿ ಎದ್ದು ಬರುತ್ತೇನೆ. ಉಳಿದ ದಿನ ಖಾತೂನಬಿಯ ಜೊತೆ ಕೂತು ಕಂಡಿಕೆ ಸುತ್ತುತ್ತೇನೆ, ಅಂದರೆ ನೇಯಲು ಬೇಕಾದ ನೂಲನ್ನು ಸಣ್ಣ ಕೊಳವೆಗೆ ಸುತ್ತುವ ಕೆಲಸ. ಇಲ್ಲಿ ಅದು ಹೆಂಗಸರ ಕೆಲಸ, ಓಣಿಯವರಿಗೆ ನಗಲು ಸಿಕ್ಕಿದೆ. ನಗಲಿ. ಇವರೂ ಮಂಡ್ಯದವರಿಗಿಂತ ಬೇರೆಯಲ್ಲ. "ನಿಮ್ಮ ಕಡೆ ಏನ್ರಿ, ಕಾವೇರಿ ನೀರು, ಕಬ್ಬು, ಆರಾಮ ಮಂದಿ" ಎಂದು ಅವರೂ ತಾವೇ ಹೇಳಿ ಮುಗಿಸುತ್ತಾರೆ. ಅಲ್ಲಿಯವರಿಗೆ ಇಲ್ಲಿಯದು ತಿಳಿದಿದೆ, ಇಲ್ಲಿಯವರಿಗೆ ಅಲ್ಲಿಯದು ತಿಳಿದಿದೆ. ನಡುವೆ ನನಗೊಬ್ಬನಿಗೇ ಎರಡೂ ತಿಳಿಯುವುದಿಲ್ಲ.

ಮೊನ್ನೆ ರಾಟಿ ತಿರುಗಿಸುತ್ತಾ ಕೂತಿದ್ದಾಗ ಎಳೆ ಹರಿಯಿತು. ಗಂಟು ಹಾಕಲು ಬಾರದೆ ತಿಣುಕುತ್ತಿದ್ದೆ. ಖಾತೂನಬಿ ತಾನೇ ಹಾಕಿಕೊಟ್ಟು, ತನ್ನ ರಾಟಿಯನ್ನು ನಿಲ್ಲಿಸಿ, ನನ್ನ ಕಡೆ ತಿರುಗಿ ಕೂತಳು.

"ನಿಮ್ಮೂರ ಹ್ಯಾಂಗ ಇರತೈತಪಾ ಪುಟ್ಟರಾಜು?" ಎಂದಳು. "ನನಗ ತಿಳೀವಲ್ದು. ಹೇಳು."